ಹಳೆ ಬೆಡ್‌ಶೀಟ್, ಟವೆಲ್, ಜೀನ್ಸ್‌ನಿಂದ ಅಡುಗೆಮನೆಗೆ ಏನೇನು ಹೊಲಿಯಬಹುದು? ಮಸಿಬಟ್ಟೆಗೆ ಯಾವ ಬಟ್ಟೆ ಸರಿ?

ಹೊಸಹೊಲಿಗೆ
ಎಲ್ಲರಿಗೂ ನಮಸ್ಕಾರ. ಬೀರು ಖಾಲಿ ಮಾಡಿದಾಗ ಹಳೆ ಬಟ್ಟೆ ಒಂದು ರಾಶಿ ಸಿಕ್ಕಿತು. ದೊಡ್ಡ ಬೆಡ್‌ಶೀಟ್‌ಗಳು, ಒಂದಷ್ಟು ದಿಂಬಿನ ಕವರ್, ಅಂಚು ಬಿಟ್ಟುಹೋದ ಸ್ನಾನದ ಟವೆಲ್‌ಗಳು, ಜೀನ್ಸ್, ದಪ್ಪನೆಯ ಒಂದು ಕಿಟಕಿ ಪರದೆ. ಇವುಗಳಿಂದ ಅಡುಗೆಮನೆಗೆ ಬೇಕಾದ ಸಣ್ಣಪುಟ್ಟ ಸಾಮಾನು ಹೊಲಿಯಬೇಕು ಅಂತ ಆಸೆ. ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆ, ಏಪ್ರನ್, ಪಾತ್ರೆ ಮುಚ್ಚುವ ಎಲಾಸ್ಟಿಕ್ ಕವರ್, ಕೈ ಒರೆಸುವ ಟವೆಲ್, ಸದ್ಯಕ್ಕೆ ಇಷ್ಟು. ಮನೆಯಲ್ಲಿ ಸಾದಾ ಹೊಲಿಗೆ ಮೆಷಿನ್ ಇದೆ, ನೇರ ಹೊಲಿಗೆ ಮತ್ತು ಜಿಗ್‌ಜಾಗ್ ಎರಡೂ ಆಗುತ್ತದೆ.

ಕೇಳಬೇಕಾಗಿರುವುದು ಇದು. ಯಾವ ಬಟ್ಟೆ ಯಾವುದಕ್ಕೆ? ಮಸಿಬಟ್ಟೆಗೆ ಎಷ್ಟು ಪದರ ಹಾಕಿದರೆ ಕೈ ಸುಡುವುದಿಲ್ಲ? ಒಳಗೆ ಅಂಗಡಿಯಿಂದ ತಂದ ಬ್ಯಾಟಿಂಗ್ (ಪದರಗಳ ನಡುವೆ ತುಂಬುವ ಮೆತ್ತನೆಯ ದಪ್ಪ ಹಾಳೆ) ಹಾಕಲೇಬೇಕಾ, ಟವೆಲ್ ಸಾಕಾ? ವಿಡಿಯೊಗಳಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಓರೆಪಟ್ಟಿ
ಟವೆಲ್ ಧಾರಾಳವಾಗಿ ಸಾಕು. ಒಳಗೆ ಎರಡು ಪದರ ಸ್ನಾನದ ಟವೆಲ್, ಹೊರಗೆ ಎರಡೂ ಕಡೆ ಬೆಡ್‌ಶೀಟ್ ಬಟ್ಟೆ. ಒಂದು ಕಡೆಗೆ ಜೀನ್ಸ್ ಹಾಕಿದರೆ ಇನ್ನೂ ಗಟ್ಟಿ. ಹೊಲಿದು ಮುಗಿದ ಮೇಲೆ 20 ಸೆಂ.ಮೀ. ಚೌಕ ಬರಬೇಕು ಅಂದರೆ 22 ಸೆಂ.ಮೀ. ಕತ್ತರಿಸಿಕೊಳ್ಳಿ. ಇದಕ್ಕಿಂತ ಸಣ್ಣದಾದರೆ ಬೆರಳ ತುದಿ ಹೊರಗೆ ಉಳಿಯುತ್ತದೆ.

ಆದರೆ ಒಂದು ಮಾತು. ಬಟ್ಟೆ ಪೂರ್ತಿ ಹತ್ತಿಯದೇ ಆಗಿರಬೇಕು. ಇದರಲ್ಲಿ ರಾಜಿ ಬೇಡ.

ನೀಲಿಗುಂಡಿ
ಪರದೆಯನ್ನು ಮಸಿಬಟ್ಟೆಗೆ ಹಾಕಲೇಬೇಡಿ ಹೊಸಹೊಲಿಗೆ ಅವರೇ. ಪರದೆ ಬಟ್ಟೆ ಬಹುಮಟ್ಟಿಗೆ ಪಾಲಿಯೆಸ್ಟರ್ ಆಗಿರುತ್ತದೆ. ಬೆಳಕು ತಡೆಯುವ ಪರದೆಯಾದರೆ ಹಿಂದೆ ಪ್ಲಾಸ್ಟಿಕ್ ಥರದ ಲೇಪ ಬೇರೆ ಇರುತ್ತದೆ. ಪಾಲಿಯೆಸ್ಟರ್ ಸುಮಾರು 250–260 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಹತ್ತಿ ಕರಗುವುದಿಲ್ಲ, ಕಂದು ಬಣ್ಣಕ್ಕೆ ತಿರುಗಿ ಕರಿಯಾಗುತ್ತದೆ, ವಾಸನೆ ಬರುತ್ತದೆ, ನಿಮಗೆ ಗೊತ್ತಾಗುತ್ತದೆ. ಪಾಲಿಯೆಸ್ಟರ್ ಕರಗಿದರೆ ಚರ್ಮಕ್ಕೆ ಅಂಟಿಕೊಂಡುಬಿಡುತ್ತದೆ, ಆ ಗಾಯ ಕೆಟ್ಟದ್ದು. ನಮ್ಮ ಪಕ್ಕದ ಮನೆಯವರಿಗೆ ಯಾರೋ ಉಡುಗೊರೆ ಕೊಟ್ಟಿದ್ದ ಬಣ್ಣಬಣ್ಣದ ಮಸಿಬಟ್ಟೆ ಬಾಣಲೆ ಹಿಡಿಗೇ ಅಂಟಿಕೊಂಡಿತ್ತು. ಪುಣ್ಯಕ್ಕೆ ಆಗ ಕೈ ಅಲ್ಲಿರಲಿಲ್ಲ.

ಹೊಸಹೊಲಿಗೆ
ಅಯ್ಯೋ, ಪರದೆ ಬೇಡ ಹಾಗಾದರೆ. ಆದರೆ ಬೆಡ್‌ಶೀಟ್ ಪೂರ್ತಿ ಹತ್ತಿಯದೋ ಅಲ್ಲವೋ ಹೇಗೆ ತಿಳಿಯುವುದು? ಚೀಟಿ ಯಾವತ್ತೋ ಕಿತ್ತುಹೋಗಿದೆ.

ಕತ್ತರಿಕೈ
ಸುಟ್ಟು ನೋಡಿ. ಅಂಚಿನಿಂದ ನಾಲ್ಕು ಎಳೆ ತೆಗೆಯಿರಿ. ಚಿಮಟದಲ್ಲಿ ಹಿಡಿದು, ಸಿಂಕ್ ಮೇಲೆ, ಪಕ್ಕದಲ್ಲಿ ನೀರಿಟ್ಟುಕೊಂಡು ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಮುಟ್ಟಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಬೆಂಕಿ ಹತ್ತಿರ ಬಂದಾಗಲೇ ಮುದುಡಿಕೊಳ್ಳುತ್ತದೆ, ಕಪ್ಪು ಹೊಗೆ ಬರುತ್ತದೆ, ಕೊನೆಗೆ ಗಟ್ಟಿ ಮಣಿ ಉಳಿಯುತ್ತದೆ, ಉಗುರಲ್ಲಿ ಒತ್ತಿದರೂ ಒಡೆಯುವುದಿಲ್ಲ. ಮಿಶ್ರ ಬಟ್ಟೆಯಲ್ಲಿ ಬೂದಿಯೂ ಇರುತ್ತದೆ, ಗಂಟೂ ಇರುತ್ತದೆ. ಮಿಶ್ರ ಅಂತ ಗೊತ್ತಾದರೆ ಅದನ್ನು ಚೀಲ, ಏಪ್ರನ್ ಜೇಬು ಇಂಥದ್ದಕ್ಕೆ ಇಟ್ಟುಕೊಳ್ಳಿ.

ಉದ್ದದ ಎಳೆ ಮತ್ತು ಅಡ್ಡ ಎಳೆ ಎರಡನ್ನೂ ಬೇರೆ ಬೇರೆ ಸುಟ್ಟು ನೋಡಿ. ಕೆಲವು ಬಟ್ಟೆಗಳಲ್ಲಿ ಒಂದು ದಿಕ್ಕಿನದು ಹತ್ತಿ, ಇನ್ನೊಂದು ದಿಕ್ಕಿನದು ಪಾಲಿಯೆಸ್ಟರ್ ಇರುತ್ತದೆ.

ದಾರದುಂಡೆ
ಇನ್ನೊಂದು. ಬೆಡ್‌ಶೀಟ್ ಕತ್ತರಿಸುವ ಮೊದಲು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಮಲಗುವ ನಡುಭಾಗ ಸವೆದು ಜಾಲರಿಯಾಗಿರುತ್ತದೆ. ಅದನ್ನು ಹೊಲಿದರೆ ಹೊಲಿಗೆಯ ಪಕ್ಕದಲ್ಲೇ ಬಿಟ್ಟುಕೊಳ್ಳುತ್ತದೆ. ಗಟ್ಟಿ ಬಟ್ಟೆ ಇರುವುದು ಹಾಸಿಗೆ ಕೆಳಗೆ ಸಿಕ್ಕಿಸುವ ಅಂಚುಗಳಲ್ಲಿ. ನಡುಭಾಗ ಒರೆಸುವ ಬಟ್ಟೆಗೆ ಸಾಕು.

ದಪ್ಪದಾರ
ಎರಡು ಪದರ ಟವೆಲ್ ಎಲ್ಲಿ ಸಾಲುತ್ತದೆ ಓರೆಪಟ್ಟಿ ಅವರೇ? ನಾನು ಒಳಗೆ ನಾಲ್ಕು ಪದರ ಟವೆಲ್, ಹೊರಗೆ ಎರಡೂ ಕಡೆ ಜೀನ್ಸ್ ಹಾಕುತ್ತೇನೆ. ಓವನ್‌ನಿಂದ 220 ಡಿಗ್ರಿಯ ಟ್ರೇ ತೆಗೆಯುವಾಗ ತೆಳ್ಳಗಿನದರಲ್ಲಿ ಎರಡು ಹೆಜ್ಜೆ ಹೋಗುವಷ್ಟರಲ್ಲಿ ಕೈ ಚುರ್ ಅನ್ನುತ್ತದೆ. ದಪ್ಪ ಇದ್ದಷ್ಟೂ ಒಳ್ಳೆಯದು.

ಓರೆಪಟ್ಟಿ
ಒಪ್ಪುವುದಿಲ್ಲ. ಅಷ್ಟು ದಪ್ಪವಾದರೆ ಮಡಚಲು ಬರುವುದಿಲ್ಲ. ಹಿಡಿತ ಜಾರಿದರೆ ಪಾತ್ರೆಯೇ ಕೈ ಬಿಡುತ್ತದೆ. ಬಿಸಿ ಎಣ್ಣೆ ಇರುವ ಬಾಣಲೆಯ ಕಿವಿ ಹಿಡಿಯುವಾಗ ಬೆರಳಿಗೆ ಅದರ ಆಕಾರ ತಿಳಿಯಬೇಕು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಬಟ್ಟೆ ಬಾಗಬೇಕು. ಕೈ ಸ್ವಲ್ಪ ಬೆಚ್ಚಗಾದರೆ ಪಾತ್ರೆ ಕೆಳಗಿಡಬಹುದು. ಪಾತ್ರೆ ಜಾರಿದರೆ ಏನು ಮಾಡುತ್ತೀರಿ?

ದಪ್ಪದಾರ
ಟ್ರೇ ವಿಷಯ ಬೇರೆ, ಬಾಣಲೆ ವಿಷಯ ಬೇರೆ. ನಾನು ಟ್ರೇ ಬಗ್ಗೆ ಹೇಳಿದೆ. ಟ್ರೇಗೆ ಹಿಡಿಯುವುದಕ್ಕಿಂತ ಎತ್ತುವ ಕೆಲಸ ಜಾಸ್ತಿ.

ನೀಲಿಗುಂಡಿ
ಇಬ್ಬರೂ ಸರಿ ಅನ್ನಿಸುತ್ತದೆ. ಎರಡು ಥರ ಹೊಲಿದುಕೊಂಡರೆ ಆಯಿತು ಅಲ್ವಾ. ಒಲೆ ಮೇಲಿನ ಕೆಲಸಕ್ಕೆ ಬಾಗುವಂಥದ್ದು, ಓವನ್‌ಗೆ ದಪ್ಪನೆಯದು. ಮೇಜಿನ ಮೇಲೆ ಪಾತ್ರೆ ಕೆಳಗೆ ಇಡಲೂ ದಪ್ಪನೆಯದೇ ಆಗುತ್ತದೆ.

ಒದ್ದೆಕೈ
ಪದರ ಎಷ್ಟಾದರೂ ಹಾಕಿ, ಬಟ್ಟೆ ಒದ್ದೆಯಾಗಿದ್ದರೆ ಎಲ್ಲ ವ್ಯರ್ಥ. ಇದನ್ನು ಯಾರೂ ಇನ್ನೂ ಹೇಳಿಲ್ಲ ಅಂತ ಬರೆಯುತ್ತಿದ್ದೇನೆ. ಬಟ್ಟೆ ಶಾಖ ತಡೆಯುವುದು ಅದರೊಳಗೆ ಸಿಕ್ಕಿಕೊಂಡಿರುವ ಗಾಳಿಯಿಂದ. ಟವೆಲ್ ಒಳ್ಳೆಯದು ಅನ್ನುವುದು ಇದಕ್ಕೇ, ಅದರ ಕುಚ್ಚುಗಳ ನಡುವೆ ಗಾಳಿ ಜಾಸ್ತಿ. ಒದ್ದೆಯಾದರೆ ಗಾಳಿ ಇದ್ದ ಜಾಗಕ್ಕೆ ನೀರು ಬರುತ್ತದೆ. ನೀರು ಗಾಳಿಗಿಂತ 20 ಪಟ್ಟಿಗೂ ಜಾಸ್ತಿ ಶಾಖ ಸಾಗಿಸುತ್ತದೆ. ಬಿಸಿ ಪಾತ್ರೆ ತಾಗಿದ ಕೂಡಲೇ ಆ ನೀರು ಆವಿಯಾಗಿ ಕೈಗೆ ಹೊಡೆಯುತ್ತದೆ. ಕೈ ಒರೆಸಿಕೊಂಡ ಟವೆಲ್‌ನಿಂದಲೇ ಪಾತ್ರೆ ಇಳಿಸುವವರು ನಮ್ಮ ಮನೆಯಲ್ಲೂ ಇದ್ದಾರೆ, ಎಷ್ಟು ಹೇಳಿದರೂ ಕೇಳುವುದಿಲ್ಲ.

ಅದಕ್ಕೇ ನನ್ನ ಸಲಹೆ ಏನೆಂದರೆ ಕೈ ಒರೆಸುವುದೂ ಮಸಿಬಟ್ಟೆಯೂ ನೋಡಿದ ಕೂಡಲೇ ಬೇರೆ ಬೇರೆ ಅಂತ ತಿಳಿಯುವ ಹಾಗೆ ಹೊಲಿಯಿರಿ. ಮಸಿಬಟ್ಟೆಗಳೆಲ್ಲ ಜೀನ್ಸ್ ನೀಲಿ, ಕೈ ಒರೆಸುವುದೆಲ್ಲ ಬಿಳಿ ಟವೆಲ್. ತೂಗುಹಾಕುವ ಜಾಗವೂ ಬೇರೆ ಇರಲಿ.

ಓರೆಪಟ್ಟಿ
ಒದ್ದೆಕೈ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಇದನ್ನು ನಾನೇ ಮೊದಲು ಬರೆಯಬೇಕಿತ್ತು ಅನ್ನುವಷ್ಟು ಮುಖ್ಯ ವಿಷಯ.

ಮೂಲೆಮಡಿಕೆ
ಬೆಳ್ಳಿ ಥರ ಹೊಳೆಯುವ ಪದರ ಇರುವ ಬ್ಯಾಟಿಂಗ್ ಸಿಗುತ್ತದಲ್ಲ, ಶಾಖ ವಾಪಸ್ ಕಳಿಸುವುದು? ಅದು ಹಾಕಿದರೆ ಟವೆಲ್ ಬೇಡ ಅಲ್ವಾ?

ಕತ್ತರಿಕೈ
ಬೇಡ ಅನ್ನುವ ಹಾಗಿಲ್ಲ. ಅದರೊಳಗೆ ಇರುವುದು ಲೋಹ ಲೇಪಿಸಿದ ತೆಳು ಪ್ಲಾಸ್ಟಿಕ್ ಹಾಳೆ, ಎರಡೂ ಕಡೆ ನಾರು. ಅದು ಒಂದೇ ಪದರ ಸಾಲುವುದಿಲ್ಲ, ಜತೆಗೆ ಹತ್ತಿಯ ಪದರ ಇರಲೇಬೇಕು. ನೀವು ಹಳೆ ಬಟ್ಟೆಯಿಂದಲೇ ಮಾಡಬೇಕು ಅಂತ ಹೊರಟವರು, ಮನೆಯಲ್ಲಿ ಟವೆಲ್ ಇರುವಾಗ ಅದನ್ನು ಹುಡುಕಿಕೊಂಡು ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ಆ ಬ್ಯಾಟಿಂಗ್ ಇರುವ ಯಾವುದನ್ನೂ ಮೈಕ್ರೊವೇವ್ ಒಳಗೆ ಇಡಬಾರದು. ಲೋಹ ಇದೆ, ಕಿಡಿ ಹಾರುತ್ತದೆ.

ಬಟ್ಟಲುಬುಟ್ಟಿ
ಮೈಕ್ರೊವೇವ್ ಅಂದಾಗ ನೆನಪಾಯಿತು. ಬಟ್ಟಲು ಕೂರಿಸುವ ಬಟ್ಟೆಯ ಗೂಡು ಹೊಲಿಯುತ್ತಾರಲ್ಲ, ಬಿಸಿ ಬಟ್ಟಲನ್ನು ಗೂಡಿನ ಸಮೇತ ಎತ್ತುವುದು. ಅದೂ ಸುಲಭ. 25 ಸೆಂ.ಮೀ.ನ ಎರಡು ಚೌಕ, ನಾಲ್ಕೂ ಬದಿಯ ನಡುವೆ ಸಣ್ಣ ತ್ರಿಕೋನ ಮಡಿಕೆ ಹೊಲಿದರೆ ಬಟ್ಟಲಿನ ಆಕಾರ ಬರುತ್ತದೆ. ಹೊಸಹೊಲಿಗೆ ಅವರ ಪಟ್ಟಿಗೆ ಸೇರಿಸಿ.

ನೀಲಿಗುಂಡಿ
ಗೂಡು ಚೆನ್ನಾಗಿದೆ. ಆದರೆ ಅದನ್ನು ಮೈಕ್ರೊವೇವ್ ಒಳಗೆ ಇಡಬೇಡಿ, ಹೊರಗೆ ತೆಗೆದ ಮೇಲೆ ಬಟ್ಟಲನ್ನು ಅದರಲ್ಲಿ ಕೂರಿಸಿ. ಬಟ್ಟೆ, ಒಳಪದರ, ದಾರ ಎಲ್ಲ ಪೂರ್ತಿ ಹತ್ತಿಯದಾದರೂ ಜಾಸ್ತಿ ಹೊತ್ತು ಇಟ್ಟರೆ ಕಂದಿ ಬೆಂಕಿ ಹತ್ತಬಹುದು. ಜರಿ ಎಳೆ ಇದ್ದರಂತೂ ಮುಗಿಯಿತು.

ಬಟ್ಟಲುಬುಟ್ಟಿ
ಎಷ್ಟೋ ಜನ ಒಳಗೇ ಇಡುತ್ತಾರೆ, ಏನೂ ಆಗಿಲ್ಲವಲ್ಲ?

ನೀಲಿಗುಂಡಿ
ಏನೂ ಆಗದಿದ್ದವರು ಹೇಳುತ್ತಾರೆ. ಎರಡು ನಿಮಿಷಕ್ಕೆ ಬದಲು ಇಪ್ಪತ್ತು ಒತ್ತಿ ಫೋನ್ ಬಂತು ಅಂತ ಆಚೆ ಹೋದರೆ? ಮಕ್ಕಳು ಒತ್ತಿದರೆ? ಹೊರಗಿಟ್ಟರೆ ನಿಮ್ಮ ಉಪಯೋಗಕ್ಕೆ ಏನೂ ಕಮ್ಮಿಯಾಗುವುದಿಲ್ಲ. ಬಟ್ಟಲನ್ನು ಈಚೆ ತೆಗೆಯಲು ಮಸಿಬಟ್ಟೆ ಇದೆ.

ಸಾದಾಸೂಜಿ
ದಾರದ ವಿಷಯ ಬಂತು, ಅದನ್ನೂ ಹೇಳಿಬಿಡಿ. ಮಸಿಬಟ್ಟೆಗೆ ಹತ್ತಿ ದಾರ ಹಾಕಬೇಕಾ? ನನ್ನ ಹತ್ತಿರ ಇರುವುದೆಲ್ಲ ಪಾಲಿಯೆಸ್ಟರ್ ದಾರ.

ಓರೆಪಟ್ಟಿ
ಹತ್ತಿ ದಾರ. ಬಟ್ಟೆ ಉಳಿದು ಹೊಲಿಗೆ ಕರಗಿದರೆ ಪದರಗಳು ಬಿಡುತ್ತವೆ.

ದಪ್ಪದಾರ
ಇಲ್ಲಿ ಸ್ವಲ್ಪ ಬಿಗಿ ಜಾಸ್ತಿಯಾಯಿತು. ನೀರು ಕುದಿಯುವ ಪಾತ್ರೆ 100 ಡಿಗ್ರಿ ಆಸುಪಾಸು, ಕರಿಯುವ ಎಣ್ಣೆ ಸುಮಾರು 180. ಪಾಲಿಯೆಸ್ಟರ್ ದಾರ ಇದನ್ನು ತಡೆಯುತ್ತದೆ. ದಾರ ಬಟ್ಟೆಯೊಳಗೆ ಹೂತಿರುತ್ತದೆ ಬೇರೆ.

ಓರೆಪಟ್ಟಿ
ಖಾಲಿ ಕಬ್ಬಿಣದ ಬಾಣಲೆ ಒಲೆ ಮೇಲೆ ಕಾಯುತ್ತಾ ಕೂತರೆ 250 ದಾಟುತ್ತದೆ ದಪ್ಪದಾರ ಅವರೇ. ಗ್ಯಾಸ್ ಉರಿ ಅಂಚಿಗೆ ತಾಗಿದರೆ ಡಿಗ್ರಿ ಲೆಕ್ಕವೇ ಬೇಡ. ಒಂದು ರೀಲ್ ಹತ್ತಿ ದಾರ ತಂದರೆ ಎಷ್ಟೋ ಮಸಿಬಟ್ಟೆ ಆಗುತ್ತದೆ, ಅದಕ್ಕೆ ಯಾಕೆ ಯೋಚನೆ.

ದಪ್ಪದಾರ
ಸರಿ, ಮಸಿಬಟ್ಟೆಗೆ ಹತ್ತಿಯೇ ಇರಲಿ. ಏಪ್ರನ್, ಚೀಲ, ಪಾತ್ರೆ ಕವರ್‌ಗೆ ಪಾಲಿಯೆಸ್ಟರ್ ದಾರವೇ ಗಟ್ಟಿ, ಅದನ್ನು ಬಿಟ್ಟುಕೊಡುವುದಿಲ್ಲ.

ಹೊಸಹೊಲಿಗೆ
ಇಷ್ಟು ವಿಷಯ ಇದೆ ಅಂತ ಗೊತ್ತಿರಲಿಲ್ಲ. ಬೆಡ್‌ಶೀಟ್ ಎಳೆ ಸುಟ್ಟು ನೋಡಿದೆ. ಒಂದು ಪೂರ್ತಿ ಹತ್ತಿ, ಇನ್ನೊಂದರಲ್ಲಿ ಗಂಟು ಉಳಿಯಿತು. ಈಗ ಹೊಲಿಯುವ ಕ್ರಮ ಹೇಳಿ. ಟವೆಲ್ ಎರಡು ಪದರ, ಜೀನ್ಸ್ ಒಂದು, ಬೆಡ್‌ಶೀಟ್ ಒಂದು. ಇಷ್ಟನ್ನು ನನ್ನ ಮೆಷಿನ್ ಎಳೆಯುತ್ತದಾ?

ಕತ್ತರಿಕೈ
ಎಳೆಯುತ್ತದೆ, ಸೂಜಿ ಬದಲಾಯಿಸಿ. ಜೀನ್ಸ್ ಸೂಜಿ ಅಂತಲೇ ಬರುತ್ತದೆ, 100/16 ಅಳತೆಯದು ಹಾಕಿ. ಜೀನ್ಸ್ ಇಲ್ಲದೆ ಬೆಡ್‌ಶೀಟ್ ಮತ್ತು ಟವೆಲ್ ಮಾತ್ರ ಆದರೆ 90/14 ಸಾಕು. ಹೊಲಿಗೆ ಉದ್ದ 3ರಿಂದ 3.5 ಮಿ.ಮೀ.ಗೆ ಇಡಿ, ಸಣ್ಣ ಹೊಲಿಗೆ ದಪ್ಪ ಬಟ್ಟೆಯಲ್ಲಿ ಒಂದೇ ಜಾಗದಲ್ಲಿ ಕೂತುಬಿಡುತ್ತದೆ.

ಮೊದಲು ಪದರಗಳನ್ನು ಒಂದರ ಮೇಲೊಂದು ಜೋಡಿಸಿ, ಗುಂಡುಸೂಜಿ ಚುಚ್ಚಿ, ಕೈಯಲ್ಲಿ ಅಗಲಗಲ ಕಚ್ಚಾ ಹೊಲಿಗೆ ಹಾಕಿಬಿಡಿ. ಇದು ಬೇಜಾರಿನ ಕೆಲಸ ಅಂತ ಬಿಡಬೇಡಿ. ಟವೆಲ್ ಕುಚ್ಚು ಬಟ್ಟೆ ಒತ್ತಿಹಿಡಿಯುವ ಮೆಷಿನ್ ಪಾದದ ಕೆಳಗೆ ಜಾರುತ್ತಾ ಹೋಗಿ ಕೊನೆಯಲ್ಲಿ ಒಂದು ಪದರ ಬೆರಳಗಲ ಹೊರಗೆ ಬಂದಿರುತ್ತದೆ. ಆಮೇಲೆ ನಡುವಿನಿಂದ ಶುರು ಮಾಡಿ ಮೂಲೆಯಿಂದ ಮೂಲೆಗೆ ಓರೆ ಗೆರೆ ಹೊಲಿಯಿರಿ, ಗೆರೆಗಳ ನಡುವೆ 3 ಸೆಂ.ಮೀ. ಅಂತರ. ನಡುವಿನಿಂದ ಹೊರಕ್ಕೆ ಹೋದರೆ ಸುಕ್ಕು ಅಂಚಿಗೆ ಹೋಗುತ್ತದೆ, ಅಂಚಿನಿಂದ ಒಳಕ್ಕೆ ಬಂದರೆ ನಡುವೆ ಗುಡ್ಡೆಯಾಗುತ್ತದೆ. ಎಲ್ಲ ಹೊಲಿದ ಮೇಲೆ ಚೌಕ ಸರಿಯಾಗಿ ಕತ್ತರಿಸಿ, ಆಮೇಲೆ ಸುತ್ತಲಿನ ಅಂಚು ಮುಚ್ಚುವ ಅಂಚುಪಟ್ಟಿ.

ದಾರದುಂಡೆ
ಗೆರೆ ತುಂಬ ಹತ್ತಿರ ಹತ್ತಿರ ಹೊಲಿಯಬೇಡಿ. ನೋಡಲು ಚೆಂದ, ಆದರೆ ಟವೆಲ್ ಚಪ್ಪಟೆಯಾಗಿ ಗಾಳಿ ಹೋಗುತ್ತದೆ. ಒದ್ದೆಕೈ ಅವರು ಹೇಳಿದ್ದೇ ಕಾರಣ.

ಸಾದಾಸೂಜಿ
ಜೀನ್ಸ್‌ನ ದಪ್ಪ ಹೊಲಿಗೆ ಬಂದ ಕಡೆ ನನ್ನ ಸೂಜಿ ಪಟಕ್ಕಂತ ಮುರಿಯುತ್ತದೆ. ಏನು ಮಾಡುವುದು?

ಕತ್ತರಿಕೈ
ಆ ಹೊಲಿಗೆಯನ್ನು ಬಿಟ್ಟು ಕತ್ತರಿಸಿ. ಕಾಲಿನ ಹಿಂಭಾಗದಲ್ಲಿ ಮೊಣಕಾಲಿನ ಕೆಳಗೆ ಒಳ್ಳೆ ಅಗಲ ಬಟ್ಟೆ ಸಿಗುತ್ತದೆ, ಅಲ್ಲಿ ಹೊಲಿಗೆಯೂ ಇಲ್ಲ, ಸವೆತವೂ ಕಮ್ಮಿ. ದಾಟಲೇಬೇಕಾದರೆ ಅಲ್ಲಿ ಪೆಡಲ್‌ನಿಂದ ಕಾಲು ತೆಗೆದು ಮೆಷಿನ್ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಮೆಷಿನ್ ಪಾದ ದಪ್ಪ ಹೊಲಿಗೆಯ ಮೇಲೇರಿ ಓರೆಯಾದಾಗ ಅದರ ಹಿಂದೆ ಅಷ್ಟೇ ದಪ್ಪ ಮಡಚಿದ ತುಂಡು ಬಟ್ಟೆ ಇಟ್ಟರೆ ಪಾದ ಮಟ್ಟವಾಗುತ್ತದೆ, ಹೊಲಿಗೆ ತಪ್ಪುವುದಿಲ್ಲ, ಸೂಜಿ ಮುರಿಯುವುದಿಲ್ಲ.

ಹಿಗ್ಗುವ ಜೀನ್ಸ್ ಆದರೆ ಮಸಿಬಟ್ಟೆಗೆ ಹಾಕಬೇಡಿ. ಅದರಲ್ಲಿ ಹಿಗ್ಗುವ ಸಿಂಥೆಟಿಕ್ ಎಳೆ ಇರುತ್ತದೆ.

ಕೈಹೊಲಿಗೆ
ಮೆಷಿನ್ ಇಲ್ಲದವರೂ ಓದುತ್ತಿರುತ್ತಾರೆ. ಇದೆಲ್ಲ ಕೈಯಲ್ಲೂ ಆಗುತ್ತದೆ. ಸುತ್ತಲಿನ ಅಂಚಿಗೆ ಹಿಂದೆ ಹೋಗಿ ಮುಂದೆ ಬರುವ ಹಿಂಹೊಲಿಗೆ ಹಾಕಿ, ಮೆಷಿನ್‌ನಷ್ಟೇ ಗಟ್ಟಿ. ನಡುವಿನ ಗೆರೆಗಳಿಗೆ ಸಾದಾ ಹೊಲಿಗೆ. ದಾರ 45–50 ಸೆಂ.ಮೀ.ಗಿಂತ ಉದ್ದ ತೆಗೆದುಕೊಳ್ಳಬೇಡಿ, ಗಂಟಾಗುತ್ತದೆ, ಉಜ್ಜಿ ಉಜ್ಜಿ ತೆಳ್ಳಗಾಗುತ್ತದೆ. ಜೇನುಮೇಣದ ತುಂಡಿನ ಮೇಲೆ ದಾರ ಒಮ್ಮೆ ಎಳೆದರೆ ನಯವಾಗಿ ಓಡುತ್ತದೆ. ಬೆರಳಿಗೆ ಲೋಹದ ಟೋಪಿ ಹಾಕಿಕೊಳ್ಳಿ, ನಾಲ್ಕು ಪದರ ಟವೆಲ್‌ಗೆ ಬರಿಬೆರಳಲ್ಲಿ ಸೂಜಿ ತಳ್ಳಲು ಆಗುವುದಿಲ್ಲ.

ಮೂಲೆಮಡಿಕೆ
ಅಂಚುಪಟ್ಟಿ ಓರೆಯಾಗಿಯೇ ಕತ್ತರಿಸಬೇಕಾ? ಬಟ್ಟೆ ತುಂಬ ದಂಡವಾಗುತ್ತದಲ್ಲ.

ಓರೆಪಟ್ಟಿ
ಚೌಕ ಮಸಿಬಟ್ಟೆಗೆ ಬೇಕಾಗಿಲ್ಲ, ನೇರ ಪಟ್ಟಿ ಸಾಕು. ಗುಂಡನೆಯದಕ್ಕೆ, ಮೂಲೆ ಉರುಟು ಮಾಡಿದ್ದಕ್ಕೆ, ಕೈಗವಸಿಗೆ ಓರೆಪಟ್ಟಿ ಬೇಕೇ ಬೇಕು. 45 ಡಿಗ್ರಿಯಲ್ಲಿ ಕತ್ತರಿಸಿದ ಪಟ್ಟಿ ಮಾತ್ರ ಹಿಗ್ಗುತ್ತದೆ, ತಿರುವಿನಲ್ಲಿ ಸುಕ್ಕಿಲ್ಲದೆ ಕೂರುತ್ತದೆ. ಮುಗಿದ ಅಗಲದ ನಾಲ್ಕು ಪಟ್ಟು ಕತ್ತರಿಸಿ. ಅಂದರೆ 1.25 ಸೆಂ.ಮೀ. ಕಾಣಬೇಕಾದರೆ 5 ಸೆಂ.ಮೀ. ಟವೆಲ್ ಇರುವ ದಪ್ಪ ಅಂಚಿಗೆ 6 ಇಟ್ಟುಕೊಳ್ಳಿ, ಇಲ್ಲದಿದ್ದರೆ ಹಿಂಬದಿ ಹೊಲಿಗೆಗೆ ಸಿಗುವುದಿಲ್ಲ.

ಹಳೆ ಬೆಡ್‌ಶೀಟ್‌ನಿಂದಲೇ ಪಟ್ಟಿ ಮಾಡಿ. ಹಳೆಯದು ಎಷ್ಟೋ ಸಲ ಒಗೆದು ಕುಗ್ಗುವಷ್ಟು ಕುಗ್ಗಿರುತ್ತದೆ. ಹಳೆ ಬಟ್ಟೆಗೆ ಒಗೆಯದ ಹೊಸ ಪಟ್ಟಿ ಹಾಕಿದರೆ ಮೊದಲ ಒಗೆತಕ್ಕೇ ಪಟ್ಟಿ ಕುಗ್ಗಿ ಚೌಕ ಮುದುಡಿಕೊಳ್ಳುತ್ತದೆ.

ಗವಸುಪ್ರಿಯ
ಕೈಗವಸು ಬಗ್ಗೆ ಒಬ್ಬರೂ ಮಾತಾಡಿಲ್ಲ. ಕೈಯನ್ನು ಕಾಗದದ ಮೇಲಿಟ್ಟು, ಹೆಬ್ಬೆರಳು ಅಗಲಿಸಿ, ಸುತ್ತಲೂ 4 ಸೆಂ.ಮೀ. ಬಿಟ್ಟು ಗೆರೆ ಎಳೆಯಿರಿ. ಜಾಸ್ತಿ ಅನ್ನಿಸುತ್ತದೆ, ಆದರೆ ಒಳಗೆ ಟವೆಲ್ ಪದರ ಬಂದಾಗ ಅಷ್ಟು ಬೇಕು. ಗವಸು ಸಡಿಲವಾಗಿರಬೇಕು. ಬಿಸಿ ಎಣ್ಣೆ ಬಿದ್ದರೆ, ಬೆಂಕಿ ತಾಗಿದರೆ ಒಂದು ಸಲ ಕೈ ಕೊಡವಿದರೆ ಕಳಚಿ ಬೀಳಬೇಕು. ಹೆಬ್ಬೆರಳಿಗೂ ಅಂಗೈಗೂ ನಡುವಿನ ತಿರುವಿನಲ್ಲಿ ಹೊಲಿಗೆ ಹತ್ತಿರದವರೆಗೆ ಕತ್ತರಿಯಿಂದ ಕಚ್ಚು ಹಾಕಿ, ಹೊಲಿಗೆ ಕತ್ತರಿಸದ ಹಾಗೆ. ಆ ಕಚ್ಚು ಇಲ್ಲದಿದ್ದರೆ ತಿರುಗಿಸಿದಾಗ ಅಲ್ಲಿ ಎಳೆದುಕೊಳ್ಳುತ್ತದೆ. ಆ ಜಾಗಕ್ಕೆ ಎರಡು ಸಲ ಹೊಲಿಗೆ ಹಾಕಿ, ಬೇಗ ಬಿಡುವುದು ಅಲ್ಲೇ.

ದಪ್ಪದಾರ
ಗವಸಿಗಿಂತ ಇಕ್ಕಳ ಮೇಲು ಅಂತ ನನ್ನ ಅಭಿಪ್ರಾಯ.

ಗವಸುಪ್ರಿಯ
ಓವನ್ ಟ್ರೇಯನ್ನು ಇಕ್ಕಳದಲ್ಲಿ ಎತ್ತಿ ನೋಡಿ, ಆಮೇಲೆ ಹೇಳಿ.

ಹೊಸಹೊಲಿಗೆ
ಪಾತ್ರೆ ಮುಚ್ಚುವ ಕವರ್‌ಗೆ ಅಳತೆ ಯಾರಾದರೂ ಹೇಳುತ್ತೀರಾ? ಎಲಾಸ್ಟಿಕ್ ಎಷ್ಟು ಉದ್ದ ಅನ್ನುವುದೇ ನನಗೆ ಬಗೆಹರಿಯುತ್ತಿಲ್ಲ.

ಬಟ್ಟಲುಬುಟ್ಟಿ
ಪಾತ್ರೆ ಬಾಯಿಯ ಅಡ್ಡಗಲ ಅಳೆಯಿರಿ. ಅದಕ್ಕೆ 12 ಸೆಂ.ಮೀ. ಸೇರಿಸಿ ಗುಂಡಾಗಿ ಕತ್ತರಿಸಿ. 22 ಸೆಂ.ಮೀ. ಪಾತ್ರೆಗೆ 34 ಸೆಂ.ಮೀ. ವೃತ್ತ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೂಲೆಯಿಂದ 17 ಸೆಂ.ಮೀ. ಅಳೆಯುತ್ತಾ ಗುರುತು ಹಾಕಿದರೆ ವೃತ್ತ ಬರುತ್ತದೆ, ಕೈವಾರ ಬೇಡ. ಅಂಚನ್ನು ಮೊದಲು ಅರ್ಧ ಸೆಂ.ಮೀ., ಆಮೇಲೆ ಒಂದೂವರೆ ಸೆಂ.ಮೀ. ಮಡಚಿ ಹೊಲಿಯಿರಿ, ಎಲಾಸ್ಟಿಕ್ ತೂರಿಸಲು 3 ಸೆಂ.ಮೀ. ಬಾಯಿ ಬಿಡಿ. 6 ಮಿ.ಮೀ. ಅಗಲದ ಎಲಾಸ್ಟಿಕ್. ಉದ್ದಕ್ಕೆ ಬಾಯಿಯ ಸುತ್ತಳತೆಯ ಮುಕ್ಕಾಲು ಭಾಗ. 22ಕ್ಕೆ 3.14ರಿಂದ ಗುಣಿಸಿದರೆ 69, ಅದರ ಮುಕ್ಕಾಲು 52 ಸೆಂ.ಮೀ. ಎಲಾಸ್ಟಿಕ್‌ಗೆ ಪಿನ್ನು ಸಿಕ್ಕಿಸಿ ತೂರಿಸಿ, ಎರಡು ತುದಿ ಒಂದರ ಮೇಲೊಂದು ಇಟ್ಟು ಹೊಲಿದು ಬಾಯಿ ಮುಚ್ಚಿ.

ಬಿಸಿ ಬಿಸಿ ಪಾತ್ರೆಗೆ ಹಾಕಬೇಡಿ. ಆವಿಗೆ ಬಟ್ಟೆ ಒದ್ದೆಯಾಗಿ ಒಳಗೆ ಇಳಿಬೀಳುತ್ತದೆ. ತಣ್ಣಗಾದ ಮೇಲೆ ಹಾಕಿ.

ದಾರದುಂಡೆ
ಇದಕ್ಕೆ ಮಿಶ್ರ ಬೆಡ್‌ಶೀಟ್ ಆಗಬಹುದು, ಶಾಖದ ಕೆಲಸ ಇಲ್ಲ. ಎರಡು ಪದರ ಮಾಡಿದರೆ ಚೆನ್ನಾಗಿ ಕೂರುತ್ತದೆ.

ಮತ್ತೆ ದಿಂಬಿನ ಕವರ್ ಸುಮ್ನೆ ಬಿಡಬೇಡಿ. ಅದು ಆಗಲೇ ಅರ್ಧ ಹೊಲಿದ ಚೀಲ. ಬಾಯಿಯ ಅಂಚಿನಲ್ಲಿ ಅಗಲ ಮಡಿಕೆ ಇದೆಯಲ್ಲ, ಪಕ್ಕದ ಹೊಲಿಗೆಯಲ್ಲಿ ಆ ಮಡಿಕೆ ಇರುವಷ್ಟು ಜಾಗದ ನಾಲ್ಕು ಟಾಕು ಬಿಚ್ಚಿ, ಲಾಡಿ ತೂರಿಸಿ. ಮುಗಿಯಿತು. ತರಕಾರಿ, ಬ್ರೆಡ್, ಒಣ ಕಾಳು ಏನು ಬೇಕಾದರೂ ಹಾಕಿ. ಉದ್ದ ಜಾಸ್ತಿಯಾದರೆ ತಳದ ಕಡೆಯಿಂದ ಕತ್ತರಿಸಿ ಮತ್ತೆ ಹೊಲಿಯಿರಿ, ಬಾಯಿ ಕಡೆ ಮುಟ್ಟಬೇಡಿ.

ಸಾದಾಸೂಜಿ
ಬ್ರೆಡ್ ಬಟ್ಟೆ ಚೀಲದಲ್ಲಿ ಬೇಗ ಒಣಗುತ್ತದೆ.

ದಾರದುಂಡೆ
ಮೆತ್ತನೆಯ ಬ್ರೆಡ್ ಒಣಗುತ್ತದೆ, ನಿಜ. ಗಟ್ಟಿ ಹೊರಪದರದ್ದಕ್ಕೆ ಬಟ್ಟೆಯೇ ಒಳ್ಳೆಯದು, ಪ್ಲಾಸ್ಟಿಕ್‌ನಲ್ಲಿ ಆ ಗರಿಗರಿ ಹೋಗುತ್ತದೆ.

ಒದ್ದೆಕೈ
ಏಪ್ರನ್ ಬಗ್ಗೆ ಸ್ವಲ್ಪ ಬರೆಯುತ್ತೇನೆ. ಬೆಡ್‌ಶೀಟ್‌ನ ಗಟ್ಟಿ ಅಂಚಿನಿಂದ 70 ಸೆಂ.ಮೀ. ಅಗಲ, 85 ಸೆಂ.ಮೀ. ಉದ್ದದ ತುಂಡು ತೆಗೆಯಿರಿ. ಎದೆಯ ಮೇಲಿನ ಭಾಗ 26 ಸೆಂ.ಮೀ. ಅಗಲ ಇರುವಂತೆ ಎರಡೂ ಕಡೆ ಕಂಕುಳಿನ ತಿರುವು ಕತ್ತರಿಸಿ. ಉದ್ದದಲ್ಲಿ ಮಡಚಿ ಒಟ್ಟಿಗೆ ಕತ್ತರಿಸಿದರೆ ಎರಡು ಕಡೆಯೂ ಒಂದೇ ಥರ ಬರುತ್ತದೆ. ಸೊಂಟದ ಲಾಡಿ ಒಂದೊಂದು 85 ಸೆಂ.ಮೀ., ಹಿಂದೆ ಗಂಟು ಹಾಕಲು. ಮುಂದಕ್ಕೆ ತಂದು ಗಂಟು ಹಾಕುವ ಅಭ್ಯಾಸ ಇದ್ದರೆ ಇಳಿಬಿದ್ದ ತುದಿಗಳನ್ನು ಒಳಗೆ ಸಿಕ್ಕಿಸಿ, ಉರಿಯ ಹತ್ತಿರ ಲಾಡಿ ಜೋಲಾಡಬಾರದು.

ಜೀನ್ಸ್‌ನ ಹಿಂದಿನ ಜೇಬನ್ನು ಹಾಗೇ ಬಟ್ಟೆ ಸಮೇತ ಕತ್ತರಿಸಿ ಏಪ್ರನ್ ಮೇಲೆ ಹೊಲಿದರೆ ಜೇಬು ಸಿದ್ಧ. ಕುತ್ತಿಗೆ ನೋವು ಇರುವವರು ಕುತ್ತಿಗೆಗೆ ಹಾಕುವ ಪಟ್ಟಿ ಬಿಟ್ಟು ಬೆನ್ನ ಮೇಲೆ ಅಡ್ಡ ಬರುವ ಎರಡು ಪಟ್ಟಿ ಹೊಲಿಯಿರಿ. ಭಾರ ಹೆಗಲ ಮೇಲೆ ಬೀಳುತ್ತದೆ.

ಮೂಲೆಮಡಿಕೆ
ಹಳೆ ಅಂಗಿಯಿಂದಲೂ ಆಗುತ್ತದೆ! ಮುಂದೆ ಗುಂಡಿ ಹಾಕಿರುವ ಹಾಗೇ ಇಟ್ಟು, ತೋಳು ಮತ್ತು ಹಿಂಭಾಗ ಕತ್ತರಿಸಿ, ಕಾಲರ್ ಉಳಿಸಿಕೊಂಡರೆ ಅದೇ ಕುತ್ತಿಗೆ ಪಟ್ಟಿ. ನನ್ನ ತಂಗಿ ಅವಳ ಮಗನಿಗೆ ಹೀಗೆ ಹೊಲಿದು ಕೊಟ್ಟಳು, ಅವನು ಅದನ್ನು ಬಿಚ್ಚುವುದೇ ಇಲ್ಲ.

ಸಾದಾಸೂಜಿ
ಜೀನ್ಸ್ ಬಣ್ಣ ಬಿಳಿ ಟವೆಲ್‌ಗೆ ಹತ್ತುವುದಿಲ್ಲವಾ? ಉಪ್ಪು ಇಲ್ಲಾ ವಿನೆಗರ್ ಹಾಕಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಕೇಳಿದ್ದೇನೆ.

ಕತ್ತರಿಕೈ
ಎಲ್ಲರೂ ಹೇಳುತ್ತಾರೆ, ಆದರೆ ಹತ್ತಿಯಲ್ಲಿ ಅದು ಕೆಲಸ ಮಾಡುವುದಿಲ್ಲ. ಉಪ್ಪು ಬಣ್ಣ ಹಾಕುವ ಹೊತ್ತಿನಲ್ಲಿ ಉಪಯೋಗಕ್ಕೆ ಬರುತ್ತದೆ, ಬಣ್ಣ ಹಾಕಿ ಆದಮೇಲೆ ಬಿಡುತ್ತಿರುವುದನ್ನು ತಡೆಯುವುದಿಲ್ಲ. ವಿನೆಗರ್ ನೆರವಾಗುವುದು ಉಣ್ಣೆ, ರೇಷ್ಮೆಗೆ ಹಾಕುವ ಬಣ್ಣಗಳಿಗೆ. ಜೀನ್ಸ್ ತುಂಡನ್ನು ಎರಡು ಮೂರು ಸಲ ಬೇರೆ ಒಗೆಯಿರಿ. ಒದ್ದೆ ಜೀನ್ಸ್ ಮೇಲೆ ಬಿಳಿ ಬಟ್ಟೆ ಒತ್ತಿ ನೋಡಿ, ನೀಲಿ ಹತ್ತದಿದ್ದರೆ ಹೊಲಿಯಿರಿ.

ದಪ್ಪದಾರ
ಒಗೆಯುವ ಮಾತು ಬಂತಲ್ಲ, ಕೈ ಒರೆಸುವ ಟವೆಲ್‌ಗೆ ಬಟ್ಟೆ ಮೆದುಗೊಳಿಸುವ ದ್ರವ ಹಾಕಬೇಡಿ. ಎಳೆಗಳ ಮೇಲೆ ಪದರ ಕೂತು ನೀರು ಹೀರುವುದಿಲ್ಲ.

ನೀಲಿಗುಂಡಿ
ಮಸಿಬಟ್ಟೆಗೂ ಹಾಕಬೇಡಿ. ಟವೆಲ್‌ನಂಥ ಕುಚ್ಚಿನ ಬಟ್ಟೆ ಬೇಗ ಬೆಂಕಿ ಹಿಡಿಯುವ ಹಾಗೆ ಮಾಡುತ್ತದೆ ಅದು. 60 ಡಿಗ್ರಿ ನೀರಲ್ಲಿ ಸಾದಾ ಸೋಪು ಸಾಕು. ಒರೆಸುವ ಬಟ್ಟೆಯನ್ನು ಒದ್ದೆ ಮುದ್ದೆಯಾಗಿ ಸಿಂಕ್ ಪಕ್ಕ ಬಿಡದೆ ಹರವಿ ಒಣಗಿಸಿ, ಕೀಟಾಣು ಬೆಳೆಯುವುದು ಆ ತೇವದಲ್ಲೇ. ಎಲಾಸ್ಟಿಕ್ ಇರುವ ಕವರ್‌ಗಳನ್ನು ಮಾತ್ರ ಕುದಿಸಬೇಡಿ, ಎಲಾಸ್ಟಿಕ್ ಸತ್ತುಹೋಗುತ್ತದೆ.

ಗವಸುಪ್ರಿಯ
ಮಸಿಬಟ್ಟೆ ಯಾವಾಗ ಬಿಸಾಡಬೇಕು ಅನ್ನುವುದನ್ನೂ ಹೇಳಿಬಿಡಿ. ನಮ್ಮ ಅತ್ತೆ ಮೂರು ಕಡೆ ಸುಟ್ಟಿರುವುದನ್ನೂ ಬಿಡುವುದಿಲ್ಲ.

ಓರೆಪಟ್ಟಿ
ಸುಟ್ಟು ಕಪ್ಪಾದ ಜಾಗ ಬಿರುಸಾಗಿ, ಬೆರಳಲ್ಲಿ ಉಜ್ಜಿದರೆ ಪುಡಿ ಉದುರಿದರೆ ಅದು ಮುಗಿದ ಹಾಗೆ. ಒಳಗಿನ ಟವೆಲ್ ಕಾಣುವ ತೂತು ಬಿದ್ದರೂ ಅಷ್ಟೇ. ಸುಮ್ನೆ ಕಲೆಯಾಗಿದ್ದರೆ ಇರಲಿ. ಅತ್ತೆಯವರಿಗೆ ಹೊಸದೊಂದು ಹೊಲಿದುಕೊಟ್ಟು ಹಳೆಯದನ್ನು ಮೇಜು ಒರೆಸಲು ಕೊಡಿ, ಬಿಸಾಡಿದ ಹಾಗಾಗುವುದಿಲ್ಲ.

ಕೈಹೊಲಿಗೆ
ಟವೆಲ್ ಕತ್ತರಿಸಿದ ಮೇಲೆ ಕುಚ್ಚು ಎಲ್ಲ ಕಡೆ ಉದುರುತ್ತದೆ, ಅದಕ್ಕೆ ಉಪಾಯ ಇದೆಯಾ? ಮನೆಯೆಲ್ಲ ನೂಲು.

ಕತ್ತರಿಕೈ
ಕತ್ತರಿಸುವ ಮೊದಲೇ ಗೆರೆಯ ಎರಡೂ ಪಕ್ಕ ಜಿಗ್‌ಜಾಗ್ ಹೊಲಿಗೆ ಹಾಕಿ, ನಡುವೆ ಕತ್ತರಿಸಿ. ಉದುರುವುದು ಬಹಳ ಕಮ್ಮಿಯಾಗುತ್ತದೆ. ಕೈಹೊಲಿಗೆಯವರು ಗೆರೆಯ ಎರಡೂ ಪಕ್ಕ ಒತ್ತೊತ್ತಾಗಿ ಹಿಂಹೊಲಿಗೆ ಹಾಕಬಹುದು. ಮೆಷಿನ್‌ನಲ್ಲಿ ಟವೆಲ್ ಹೊಲಿದ ಮೇಲೆ ಸೂಜಿ ಕೆಳಗಿನ ತಟ್ಟೆ ಬಿಚ್ಚಿ, ಬಾಬಿನ್ ಕೇಸ್ ತೆಗೆದು ಬ್ರಷ್‌ನಿಂದ ನೂಲು ತೆಗೆಯಿರಿ. ಬಾಯಲ್ಲಿ ಊದಬೇಡಿ, ಉಸಿರಿನ ತೇವಕ್ಕೆ ನೂಲು ಇನ್ನೂ ಒಳಗೆ ಹೋಗಿ ಅಂಟಿಕೊಳ್ಳುತ್ತದೆ.

ಹೊಸಹೊಲಿಗೆ
ಮೊದಲ ಮಸಿಬಟ್ಟೆಯ ಗೆರೆಗಳು ಮುಗಿದವು, ಅಂಚುಪಟ್ಟಿ ಬಾಕಿ ಇದೆ. ಮೂಲೆಗೆ ಬಂದಾಗ ಪಟ್ಟಿ ಗುಬ್ಬೆಯಾಗುತ್ತಿದೆ. ತೂಗುಹಾಕುವ ಕುಣಿಕೆ ಎಲ್ಲಿ ಇಡಬೇಕು, ಪಟ್ಟಿಯ ಒಳಗಾ ಹೊರಗಾ?

ಓರೆಪಟ್ಟಿ
ಮೂಲೆ ಮುಟ್ಟುವ ಮೊದಲು, ನಿಮ್ಮ ಹೊಲಿಗೆ ಅಂಚಿನಿಂದ ಎಷ್ಟು ಒಳಗಿದೆಯೋ ಅಷ್ಟೇ ದೂರದಲ್ಲಿ ನಿಲ್ಲಿಸಿ, ದಾರ ಕತ್ತರಿಸಿ. ಪಟ್ಟಿಯನ್ನು ನೇರ ಮೇಲಕ್ಕೆ ಮಡಚಿ, ಮೂಲೆಯಲ್ಲಿ ಓರೆ ಮಡಿಕೆ ಬೀಳುತ್ತದೆ. ಆಮೇಲೆ ಅದೇ ಪಟ್ಟಿಯನ್ನು ಮುಂದಿನ ಅಂಚಿನ ಉದ್ದಕ್ಕೆ ಕೆಳಕ್ಕೆ ಮಡಚಿ, ತುದಿಯಿಂದ ಮತ್ತೆ ಹೊಲಿಗೆ ಶುರು ಮಾಡಿ. ಹಿಂದಕ್ಕೆ ತಿರುಗಿಸಿದಾಗ ಮೂಲೆ ತಾನೇ ಚೂಪಾಗಿ ಕೂರುತ್ತದೆ.

ಕುಣಿಕೆಗೆ 12 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ತುಂಡನ್ನು ನಾಲ್ಕು ಮಡಿಕೆ ಮಾಡಿ ಹೊಲಿಯಿರಿ. ಅದರ ಎರಡು ತುದಿಯನ್ನೂ ಮೂಲೆ ಹತ್ತಿರ ಹಿಂಬದಿಗೆ ಇಟ್ಟು ಕಚ್ಚಾ ಹೊಲಿಗೆ ಹಾಕಿ, ಅಂಚುಪಟ್ಟಿ ಅದರ ಮೇಲೆ ಬರಲಿ. ಪಟ್ಟಿ ಹೊಲಿದಾದ ಮೇಲೆ ಕುಣಿಕೆಯನ್ನು ಹೊರಕ್ಕೆ ಮಡಚಿ ಬುಡಕ್ಕೆ ಇನ್ನೊಂದು ಹೊಲಿಗೆ ಹಾಕಿ. ತೂಗುಹಾಕುವ ಮೊಳೆ ಒಲೆಯ ಮೇಲೆ ಬೇಡ, ಪಕ್ಕದ ಗೋಡೆಗೆ ಇರಲಿ.